ದಡ್ಡ ಅನ್ನೂ ಮೊದಲ ಭಾಂಡೆ ನೋಡ್ರಿ

ಹೋದ ಶುಕ್ರವಾರ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಉಡಿ ತುಂಬಿಸ್ಕೊಂಡು ಎಲ್ಲಾರೂ ಮಾತಾಡ್ಕೋತ ಕೂತಿದ್ವಿ. ಅಷ್ಟರಾಗ ಒಬ್ರು ತಮ್ಮ ಮೊಮ್ಮಗನ್ನ ತೋರಿಸಿ, "ದೊಡ್ಡಾಂವ ಭಾಳ ಶಾಣ್ಯಾ ಇದ್ದಾನ್ರೀ, ಇಂವಾ ಸ್ವಲ್ಪ ದಡ್ಡ" ಅಂದ್ರು. ಆ ಕೂಸು ಕೈಯಾಗ ಉಂಡಿ ಹಿಡಕೊಂಡು ಅಲ್ಲೇ ನಿಂತಿತ್ತು. ನಾವು ಏಳೆಂಟು ಮಂದಿ ನಕ್ವಿ. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಆ ನಗು ಗಂಟಲದಾಗ ಸಿಕ್ಕೊಂಡು ಕೂತದ. ಅದಕ್ಕ ಬರೀಲಿಕ್ಕತ್ತೀನಿ. ಯಾರಿಗರೆ ಸಿಟ್ಟು ಬಂದ್ರ ಬರ್ಲಿ.

ನಮ್ಮ ಮನ್ಯಾಗೂ ಒಬ್ಬ 'ದಡ್ಡ' ಇದ್ದ. ನನ್ನ ಸಣ್ಣ ಮಗ. ಎರಡನೇ ಇಯತ್ತೆಗೆ ಬಂದ್ರೂ ಕೂಡಿಸಿ ಓದ್ಲಿಕ್ಕೆ ಬರ್ತಿದ್ದಿಲ್ಲ. ಹೇಳಿದ್ದು ಎರಡು ನಿಮಿಷಕ್ಕ ಮರೀತಿದ್ದ. ಸಾಲ್ಯಾಗ "ಲಕ್ಷ್ಯ ಇಲ್ಲ, ಕಿಡಕಿ ಹೊರಗ ನೋಡ್ಕೋತ ಕೂಡ್ತಾನ" ಅಂತ ದೂರು. ಟ್ಯೂಶನ್ ಹಚ್ಚಿದ್ವಿ. ಬ್ರಾಹ್ಮಿ ಕುಡಿಸಿದ್ವಿ. ಮೂರರ ಮಗ್ಗಿ ತಪ್ಪಿದ್ದಕ್ಕ ಕಪಾಳಕ್ಕ ಹೊಡದೀನಿ, ಇದೇ ಕೈಲೆ. ಬೀಗರು, ಬಂಧುಗಳು ಎಲ್ಲಾರೂ ಒಂದ ಮಾತು: "ತಾಯಿ ಮೊಬೈಲ್ ನೋಡ್ಕೋತ ಕೂತ್ರ ಇನ್ನೇನಾಗ್ತದ?"

ಕಡೀಕ ಮಕ್ಕಳ ಡಾಕ್ಟರ್ ಹತ್ರ ಹೋದೆ. ಆಕಿ ನನಗಿಂತ ಸಣ್ಣಾಕಿ. ಓದಿನ ಬಗ್ಗೆ ಕೇಳ್ಲೇ ಇಲ್ಲ. ಮನ್ಯಾಗ ಹಳೇ ಬಣ್ಣ ಉದರ್ತದೇನು? ಹತ್ರ ಎಲ್ಲೆರೆ ಹಳೇ ಬ್ಯಾಟರಿ ಒಡೀತಾರೇನು? ಅರಿಷಿಣ ಎಲ್ಲಿಂದ ತರ್ತೀರಿ? ಕಲಾಯಿ ಹಾಕಿದ ಭಾಂಡ್ಯಾಗ ಅಡಗಿ ಮಾಡ್ತೀರೇನು? ಇಷ್ಟು ಕೇಳಿ, ರಕ್ತದಾಗ ಸೀಸ ಎಷ್ಟದ ನೋಡೂಣು ಅಂತ ಚೀಟಿ ಬರದುಕೊಟ್ರು. ಹೌದು, ಹಿಂದ ಪೈಪಿಗೆ ಹಾಕ್ತಿದ್ರಲ್ಲ, ಬ್ಯಾಟರಿಗೆ ಹಾಕ್ತಾರಲ್ಲ, ಅದ ಸೀಸ.

ಒಂದು ಡೆಸಿಲೀಟರ್ ರಕ್ತದಾಗ 14 ಮೈಕ್ರೋಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ, 5 ಮುಟ್ಟಿದ್ರ ಸೀಸ ಎಲ್ಲಿಂದ ಬರ್ಲಿಕ್ಕತ್ತದ ಅಂತ ಹುಡುಕಿ ನಿಲ್ಲಸ್ರಿ ಅಂತದ. ಇಷ್ಟಿದ್ರ ಅಡ್ಡಿ ಇಲ್ಲ ಅನ್ನೂ ಅಳತೀನೇ ಸೀಸಕ್ಕ ಇಲ್ಲ ಅಂತನೂ ಅದ ಸಂಸ್ಥೆ ಹೇಳ್ತದ.

ಸೀಸ ಮೈಯಾಗ ಹೋಗಿ ಕ್ಯಾಲ್ಸಿಯಂ ವೇಷ ಹಾಕ್ತದ. ಮೈ ಮೋಸ ಹೋಗಿ ಅದನ್ನ ಎಲಬಿನಾಗ ಕೂಡಿಸಿಡ್ತದ, ಬೆಳಿಯೂ ಮಿದುಳಿಗೂ ಬಿಟ್ಕೋತದ. ಅದ ಸೀಸ ನಾವು ತಿಂದ್ರ ನಮ್ಮ ಮೈ ಎಷ್ಟು ಹೀರ್ತದ, ಸಣ್ಣ ಮಕ್ಕಳ ಮೈ ಅದರ ನಾಕೈದು ಪಟ್ಟು ಹೀರ್ತದ. ಬಸರಿ ಇದ್ದಾಗ ತಾಯಿ ಎಲಬಿನಾಗಿನ ಹಳೇ ಸೀಸ ಹೊಟ್ಟ್ಯಾಗಿನ ಕೂಸಿಗೂ ಹೋಗ್ತದ. ಜ್ವರ ಇಲ್ಲ, ವಾಂತಿ ಇಲ್ಲ, ಮೈಮ್ಯಾಲೆ ಗುಳ್ಳಿ ಇಲ್ಲ. ಕೂಸು 'ದಡ್ಡ' ಆಗ್ತದ ಅಷ್ಟ.

ಅಮೇರಿಕಾದಾಗ ಹರ್ಬರ್ಟ್ ನೀಡಲ್‌ಮನ್ ಅಂತ ಡಾಕ್ಟರ್ ಇದ್ರು. ಬಾಸ್ಟನ್ ಹತ್ರದ ಸಾಲಿ ಮಕ್ಕಳ ಬಿದ್ದ ಹಾಲಹಲ್ಲು ಕೂಡಿಸಿ, ಅದರಾಗಿನ ಸೀಸ ಅಳದು 1979ರಾಗ ಲೆಕ್ಕ ಹೊರಗ ಹಾಕಿದ್ರು. ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿ ಪರೀಕ್ಷಾದಾಗ ಹಿಂದ ಬಿದ್ದಿದ್ರು. ನನ್ನ ಹೊಟ್ಟಿಗೆ ಬೆಂಕಿ ಹಚ್ಚಿದ್ದು ಇನ್ನೊಂದು ಮಾತು. ಯಾವ ಹಲ್ಲಿನಾಗ ಎಷ್ಟು ಸೀಸ ಅನ್ನೂದು ಟೀಚರ್‌ಗೆ ಗೊತ್ತಿದ್ದಿಲ್ಲ. ಆದ್ರೂ ಆ ಮಕ್ಕಳ ಬಗ್ಗೇನೇ ಅವರು "ಲಕ್ಷ್ಯ ಇಲ್ಲ, ಹಗಲುಗನಸು ಕಾಣ್ತದ, ಹೇಳಿದ್ದು ಮಾಡೂದಿಲ್ಲ" ಅಂತ ಹೆಚ್ಚು ಬರದಿದ್ರು. ನನ್ನ ಮಗನ ದೂರು ಅಕ್ಷರಕ್ಕ ಅಕ್ಷರ ಅದೇ ಅಲ್ಲೇನ್ರೀ?

"ಸ್ವಲ್ಪ ಇದ್ರ ಏನಾಗ್ತದ?" ಅಂತೀರಿ. ಬ್ಯಾರೆ ಬ್ಯಾರೆ ಊರಿನ 1,333 ಮಕ್ಕಳ ಲೆಕ್ಕ ಕೂಡಿಸಿ 2005ರಾಗ ನೋಡಿದ್ರು. ಸೀಸ 2.4ರಿಂದ 10ಕ್ಕ ಏರೂದ್ರಾಗ ಐಕ್ಯೂ ಸುಮಾರು 3.9 ಅಂಕ ಕಡಿಮಿ. 10ರಿಂದ 20ಕ್ಕ ಏರೂದ್ರಾಗ 1.9. ಅಂದ್ರ ಮೊದಲನೇ ಚೂರೇ ಹೆಚ್ಚು ತಿಂತದ. ನಾಕು ಅಂಕ ಒಂದು ಕೂಸಿನಾಗ ಕಣ್ಣಿಗೆ ಕಾಣೂದಿಲ್ಲ, ಖರೆ. ಆದ್ರ ಇಡೀ ಓಣಿ ಮಕ್ಕಳದು ನಾಕ್ನಾಕು ಇಳದ್ರ, ಹಿಂದ ಬೀಳೂ ಮಕ್ಕಳ ಸಾಲು ಉದ್ದ ಆಗ್ತದ, ಶಾಣ್ಯಾರ ಸಾಲು ಮೊಂಡ ಆಗ್ತದ. ನಾವು ಅದಕ್ಕ "ಈಗಿನ ಮಕ್ಕಳೇ ಹಿಂಗ" ಅಂತೀವಿ.

"ನಮ್ಮ ಅಜ್ಜಿ ಹಿತ್ತಾಳಿ ಭಾಂಡ್ಯಾಗೇ ಅಡಗಿ ಮಾಡಿದ್ಲು, ಯಾರಿಗೇನಾಗೇದ?" ಇದು ಎರಡನೇ ಮಾತು. ಏನಾಗೇದ ಅಂತ ಯಾರು ಎಣಿಸ್ಯಾರ್ರೀ? ಮೂರನೇ ಇಯತ್ತೆಗೆ ಸಾಲಿ ಬಿಡಿಸಿದ ಕಾಕಾಗೆ, ಲೆಕ್ಕ ಬರೂದಿಲ್ಲಂತ ಮೂಲಿಗೆ ಕೂತ ಅತ್ಯಾಗೆ ಯಾರರೆ ರಕ್ತ ಪರೀಕ್ಷಾ ಮಾಡಿಸಿದ್ರೇನು? ಕಲಾಯಿಗೆ ಬೇಕಾಗಿದ್ದು ಶುದ್ಧ ತವರ. ತವರ ತುಟ್ಟಿ, ಸೀಸ ಸೋವಿ, ಎರಡೂ ಕೂಡಿ ಸಲೀಸ ಕರಗ್ತಾವ. ಕಲಾಯಿ ಹಾಕಾಂವ ಏನು ಕರಗಿಸಿದ ಅಂತ ನಮ್ಮ ಕಣ್ಣಿಗೆ ತಿಳಿಯೂದಿಲ್ಲ, ಎರಡೂ ಬೆಳ್ಳಗೇ ಹೊಳೀತಾವ. ಸೀಸ ಬೆರತಿದ್ರ ಹುಣಸಿ ಹುಳಿ, ಮಜ್ಜಿಗಿ ಅದನ್ನ ಎಳ್ಕೋತಾವ. ನಮ್ಮತ್ತಿಯವರ ಪಾತೇಲ್ಯಾಗ ನಾ ದಿನಾ ಕಟ್ಟಿನ ಸಾರು ಕುದಿಸ್ತಿದ್ದೆ, "ಆರೋಗ್ಯಕ್ಕ ಛಲೋ" ಅಂತ.

ಇದೇನು ಪರದೇಶದ ಕಥಿ ಅಂತ ತಿಳ್ಕೋಬ್ಯಾಡ್ರಿ. ಬೆಂಗಳೂರಿನ ಜಾರ್ಜ್ ಫೌಂಡೇಶನ್‌ದವರು ದೇಶದ ಏಳು ಊರಿನ ಮಕ್ಕಳ ರಕ್ತ ನೋಡಿ 1999ರಾಗ ಹೇಳಿದ್ರು: ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ 10 ಇಲ್ಲಾ ಅದಕ್ಕೂ ಮ್ಯಾಲೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದನ್ನ ವರ್ಷಾನುಗಟ್ಟಲೆ ಸಾರಿದ್ರು. 2000ದಾಗ ಪೆಟ್ರೋಲಿನಾಗ ಸೀಸ ಹಾಕೂದು ದೇಶದ ತುಂಬ ನಿಂತಿತು. ಮನಿ ಬಣ್ಣಕ್ಕ 2017ರ ನವೆಂಬರದಿಂದ ಕಾಯದೆ ಬಂತು. ಆದ್ರ ಅದಕ್ಕೂ ಮೊದಲು ಬಾಗಲಕ್ಕ ಬಳದ ಬಣ್ಣ ಇನ್ನೂ ಉದರ್ಲಿಕ್ಕತ್ತದಲ್ಲ.

ಮೂರನೇ ಮಾತು, ಎಲ್ಲಾ ತಾಯಿ ತಲಿಮ್ಯಾಲೆ ಹಾಕೂದು. ಇದಕ್ಕ ನಾ ಒಪ್ಪೂದಿಲ್ಲ. ಬಾಂಗ್ಲಾದೇಶದಾಗ ಅರಿಷಿಣ ಕೊಂಬಿಗೆ ಹಳದಿ ಹೊಳಪು ಬರ್ಲೆಂತ ಸೀಸದ ಕ್ರೋಮೇಟ್ ಹಚ್ಚತಿದ್ರು. 2019ರಾಗ ಇದು ಬೈಲಿಗೆ ಬಂದಾಗ ಸರ್ಕಾರ ಪ್ಯಾಟಿಗೆ ಇಳಿದು ದಂಡ ಹಾಕಿತು, ಊರೂರಿಗೆ ತಿಳಿಸಿತು. ಆ ವರ್ಷ ಪ್ಯಾಟಿ ಅರಿಷಿಣದ ಮಾದರಿಗಳಾಗ ನೂರಕ್ಕ 47ರಾಗ ಸೀಸ ಸಿಕ್ಕಿತ್ತು, 2021ಕ್ಕ ಸೊನ್ನಿಗೆ ಇಳೀತು. ಎರಡ ವರ್ಷ! ಅಲ್ಲಿ ತಾಯಂದಿರು ಒಮ್ಮಿಗೆ ಶಾಣ್ಯಾ ಆದ್ರಂತಲ್ಲ, ಆಳೂ ಮಂದಿ ಮನಸ್ಸು ಮಾಡಿದ್ರಂತ ಆತು. ನಮ್ಮ ಅಂಗನವಾಡ್ಯಾಗ ಕೂಸಿನ ತೂಕ ನೋಡ್ತಾರ, ಎತ್ತರ ನೋಡ್ತಾರ, ಸೀಸ ನೋಡೂದಿಲ್ಲ. ಯಾಕ ನೋಡೂದಿಲ್ಲ ಅಂತ ಕೇಳೋರು ನಾವೇ ಆಗಬೇಕು.

ಅಲ್ಲೀತನಕ ಮನ್ಯಾಗ ಕೈಲಾದಷ್ಟು ಮಾಡೂಣು. ಖಾತ್ರಿ ಇಲ್ಲದ ಕಲಾಯಿ ಭಾಂಡ್ಯಾಗ ಅಡಗಿ ಬ್ಯಾಡ, ಸ್ಟೀಲ್ ಸಾಕು. ಕಣ್ಣು ಕುಕ್ಕೂ ಹಳದಿ ಕೊಂಬು ತರಬ್ಯಾಡ್ರಿ. ಬಣ್ಣ ಕೊಂಬಿಗೇ ಹಚ್ಚಿರ್ತಾರ, ಮನ್ಯಾಗ ಬೀಸಿದ್ರೂ ಹೋಗೂದಿಲ್ಲ. ಹಳೇ ಬಣ್ಣ ಒಣಾ ಕೆರೀಬ್ಯಾಡ್ರಿ, ಧೂಳಾ ಹಸಿ ಅರಬಿಲೆ ಒರಸ್ರಿ. ಬ್ಯಾಟರಿ ಕೆಲಸದಿಂದ ಬಂದ ಗಂಡಸರು ಅರಬಿ ಬದಲಿಸಿ, ಕೈಕಾಲು ತೊಳದು ಕೂಸು ಎತ್ಕೋಬೇಕು. ಬುದ್ಧಿ ಬರ್ಲೆಂತ ಯಾರರೆ ಕೊಟ್ಟ ಭಸ್ಮ ನೆಕ್ಕಿಸಬ್ಯಾಡ್ರಿ. ನಾಗಭಸ್ಮ ಅಂದ್ರ ಸೀಸದ್ದೇ ಬೂದಿ. ಕಬ್ಬಿಣ ಅಂಶ ಕಡಿಮಿ ಇದ್ದ ಕೂಸಿನ ಮೈ ಸೀಸ ಜಾಸ್ತಿ ಹೀರ್ತದ, ಅದಕ್ಕ ಕಾಳು, ತಪ್ಪಲ ಪಲ್ಯಾ ಕೊಡ್ರಿ.

ನಮ್ಮ ಮನ್ಯಾಗ ಪಾತೇಲಿ ತಗದ್ವಿ, ಅರಿಷಿಣ ಬದಲಿಸಿದ್ವಿ, ಬಾಗಲದ ಬಣ್ಣ ಹಸಿ ಮಾಡಿ ತಗಸಿದ್ವಿ. ಯಾವುದರಿಂದ ಬಂದಿತ್ತೋ ದೇವರಿಗೆ ಗೊತ್ತು. ಒಂದು ವರ್ಷಕ್ಕ 14 ಇದ್ದದ್ದು 6 ಆತು. ಹೋದ ಬುದ್ಧಿ ತಿರುಗಿ ಬರ್ತದೇನು ಅಂತ ಡಾಕ್ಟರ್‌ಗೆ ಕೇಳಿದೆ. ಆಕಿ ಸುಳ್ಳು ಹೇಳ್ಲಿಲ್ಲ. ಆದ ಪೆಟ್ಟು ಔಷಧಲೆ ಅಳಸೂದಿಲ್ಲ, ಇನ್ನಷ್ಟು ಆಗದಂಗ ನೋಡ್ಕೋಬಹುದು, ಸಾವಕಾಶ ಕಲಸ್ರಿ ಅಂದ್ರು. ಇವತ್ತಿಗೂ ಓದೂದು ಅವಂಗ ಕಷ್ಟ ಅದ. ಸೀಸ ಎಷ್ಟು ಮಾಡ್ತು, ಹುಟ್ಟುಗುಣ ಎಷ್ಟು, ನನ್ನ ಹೊಡತ ಎಷ್ಟು, ಯಾರೂ ಬ್ಯಾರೆ ಮಾಡಿ ಹೇಳ್ಲಿಕ್ಕಾಗೂದಿಲ್ಲ. ಹೊಡತ ಮಾತ್ರ ನಂದು.

ಬರೂ ಶುಕ್ರವಾರ ಆ ಮೊಮ್ಮಗನ ಮನಿಗೆ ಹೋಗ್ತೀನಿ. ಅಜ್ಜಿಯವರಿಗೆ ಬೈಲಿಕ್ಕಲ್ಲ. ರಕ್ತ ಪರೀಕ್ಷಾದ ಚೀಟಿ ಹೆಂಗ ಬರಸ್ಕೋಬೇಕು ಅಂತ ಹೇಳ್ಲಿಕ್ಕೆ, ಮತ್ತ ಆ ಕೂಸಿನ ಮುಂದ ಅವತ್ತು ನಾ ನಕ್ಕಿದ್ದು ತಪ್ಪಾತು ಅನ್ಲಿಕ್ಕೆ. ನೀವೂ ಯಾರರೆ ಬರ್ತೀರೇನು?