ಚರ್ಚಿಗೆ ಬೀಗ ಹಾಕಿದ ಪಾದ್ರಿ

2020ರ ಏಪ್ರಿಲ್ 12 ಈಸ್ಟರ್ ಭಾನುವಾರ. ಕೊರೋನಾ ಲಾಕ್‌ಡೌನ್‌ನಿಂದ ನಮ್ಮಲ್ಲಿ ಚರ್ಚುಗಳ ಬಾಗಿಲು ಮುಚ್ಚಿತ್ತು. ಮುಂದೆ ಶಾಲೆ ತೆರೆದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಈಸ್ಟರ್ ದಿನವೇ ಚರ್ಚಿಗೆ ಬೀಗ ಹಾಕಿದರೆ ನಂಬಿಕೆ ಕಡಿಮೆಯಾಯಿತು ಅಂತಲ್ಲವೇ? ನಮ್ಮಜ್ಜಿ ಹಾಗೇ ಅಂತಾರೆ." ಪಾಠ ಬದಿಗಿಟ್ಟು ಈಮ್ ಎಂಬ ಹಳ್ಳಿಯ ಕಥೆ ಹೇಳಿದೆ.

ಇಂಗ್ಲೆಂಡಿನ ಡರ್ಬಿಶೈರ್‌ನ ಈ ಹಳ್ಳಿಗೆ ಪ್ಲೇಗು ಬಂದದ್ದು 1665ರ ಸೆಪ್ಟೆಂಬರ್‌ನಲ್ಲಿ. ಲಂಡನ್ನಿನಿಂದ ದರ್ಜಿಯ ಮನೆಗೆ ತರಿಸಿದ ಬಟ್ಟೆಯಲ್ಲಿ ಚಿಗಟಗಳಿದ್ದವೆಂದು ಪ್ರತೀತಿ. ಮರುವರ್ಷ ಬೇಸಿಗೆಯಲ್ಲಿ ಸಾವು ಏರಿತು. ತರುಣ ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಹೊಸಬರು. ಮತಭೇದದಿಂದ ಪದವಿ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯವರನ್ನು ಜೊತೆಗೆ ಕರೆದುಕೊಂಡು ಜನರನ್ನು ಒಪ್ಪಿಸಿದರು. ಯಾರೂ ಗಡಿ ದಾಟಬಾರದು, ಅವರವರ ಮನೆಯ ಹೆಣ ಅವರವರೇ ಹೂಳಬೇಕು, ಚರ್ಚಿಗೆ ಬೀಗ. ಆರಾಧನೆ ಬಯಲಿನ ಕಣಿವೆಯಲ್ಲಿ, ಕುಟುಂಬಗಳ ನಡುವೆ ಅಂತರ ಬಿಟ್ಟು. ಹೊರಗಿನವರು ಗಡಿಕಲ್ಲಿನ ಬಳಿ ಆಹಾರ ಇಟ್ಟುಹೋಗುವರು; ಇವರು ಕಲ್ಲಿನ ಕುಳಿಯಲ್ಲಿ ತುಂಬಿದ ವಿನೆಗರ್‌ಗೆ ನಾಣ್ಯ ಹಾಕುವರು. ಪ್ಲೇಗಿನ ಬ್ಯಾಕ್ಟೀರಿಯಾ ಪತ್ತೆಯಾದದ್ದೇ 1894ರಲ್ಲಿ, ನೋಡಿ!

ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂಳಿದಳು. ಪಾದ್ರಿಯ ಪತ್ನಿ ಕ್ಯಾಥರೀನ್ 1666ರ ಆಗಸ್ಟ್‌ನಲ್ಲಿ ತೀರಿಕೊಂಡರು. ಒಟ್ಟು ಸತ್ತವರು ಸುಮಾರು 260 ಮಂದಿ.

ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು ಮುಚ್ಚಿಡಲಾರೆ. ಪ್ಲೇಗನ್ನು ಹರಡುವುದರಲ್ಲಿ ಇಲಿಯ ಚಿಗಟಕ್ಕೆ ದೊಡ್ಡ ಪಾಲಿದೆ. ಅದು ಗೊತ್ತಿದ್ದರೆ ಗಡಿಯೊಳಗೇ ಮನೆ ಬಿಟ್ಟು ಬಯಲಲ್ಲಿ ಗುಡಾರ ಹಾಕಿಕೊಳ್ಳಿ ಎನ್ನಬಹುದಿತ್ತು. ನಮ್ಮ ಹಿರಿಯರು ಪ್ಲೇಗು ಬಂದಾಗ ಹೊಲದಲ್ಲಿ ಗುಡಿಸಲು ಕಟ್ಟಿದ್ದು ಹೀಗೆಯೇ. ಇನ್ನೊಂದು ಸಂಗತಿ: ಗಡಿ ಮುಚ್ಚುವ ಮೊದಲೇ ಮಾಂಪೆಸನ್ ತಮ್ಮ ಮಕ್ಕಳನ್ನು ಹೊರಗೆ ಕಳುಹಿಸಿದ್ದರು. ಇದನ್ನು ಕೇಳಿ ತರಗತಿಯಲ್ಲಿ ಗುಜುಗುಜು. ತಂದೆಯ ಕರುಳು, ನಾನು ದೂರಲಾರೆ.

ಆದರೂ ಬೀಗ ಹಾಕಿದ್ದು ನಂಬಿಕೆಯ ಕೊರತೆಯಿಂದ ಎನ್ನಲು ನನಗೆ ಮನಸ್ಸಿಲ್ಲ. ನನ್ನ ಪ್ರಾಣವನ್ನು ನಾನು ದೇವರ ಮೇಲೆ ಭಾರ ಹಾಕಿ ಬಿಡಬಹುದು. ಪಕ್ಕದೂರಿನವರ ಪ್ರಾಣವನ್ನು ಹಾಗೆ ಬಿಡಲು ನಾನು ಯಾರು? ನೆರೆಯವರನ್ನು ಪ್ರೀತಿಸುವುದು ಕ್ರಿಸ್ತನ ಬೋಧನೆಯ ತಿರುಳೇ ಅಲ್ಲವೇ?

ಹುಡುಗಿ ಕಥೆಯನ್ನು ಮನೆಗೆ ಒಯ್ದಳು. ಮಾರನೆಯ ದಿನ ಅಜ್ಜಿಯ ಪ್ರಶ್ನೆಯೊಂದನ್ನು ತಂದಳು: "ಹೂಳುವಾಗ ಆ ತಾಯಿಯ ಜೊತೆ ದೂರದಲ್ಲಾದರೂ ಯಾರಾದರೂ ನಿಂತಿದ್ದರೇ?"