ಒಂದೇ ತೂಕದ ಏಟು

ಒಂಬತ್ತನೇ ತರಗತಿಗೆ ವೇಗದ ಪಾಠ ಮಾಡುವಾಗ ನಾನು ಕೊಡುತ್ತಿದ್ದ ಉದಾಹರಣೆಗಳು ಮೂರು: ಬಸ್ಸು, ರೈಲು, ಮರದಿಂದ ಬೀಳುವ ತೆಂಗಿನಕಾಯಿ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಹಾಡಿನೊಳಗಿನ ವೇಗ. ಹಾಡಿನ ವೇಗವೆಂದರೆ ಲಯವಲ್ಲವೇ, ವಿಳಂಬ, ದ್ರುತ ಅನ್ನುತ್ತಾರಲ್ಲ, ಅದೇ ತಾನೇ ಎಂದು ನೀವು ಕೇಳಬಹುದು. ಅಲ್ಲ. ನಾನು ಹೇಳುತ್ತಿರುವುದು ಸ್ವರ ನುಡಿಸುವ ಬೆರಳಿನ ವೇಗ. ಅದನ್ನು ನನಗೆ ಸರಿಯಾಗಿ ಕಲಿಸಿದವರು ನನ್ನ ಒಬ್ಬ ವಿದ್ಯಾರ್ಥಿ ಮತ್ತು ಅವನ ತಂದೆ.

ನಡೆದದ್ದು ಹೀಗೆ. ನಮ್ಮ ಹೊಸ ಅಗ್ರಹಾರದ ಕಡೆಯ ಹುಡುಗ, ಹತ್ತನೇ ತರಗತಿಯವನು. ಶಾಲಾ ವಾರ್ಷಿಕೋತ್ಸವದ ಕೋಲಾಟಕ್ಕೆ ಕಂಪ್ಯೂಟರಿನಲ್ಲಿ ತಾನೇ ಸಂಗೀತ ಕೂಡಿಸಿ ಕೊಡುತ್ತೇನೆಂದು ಹೊರಟ. ಚಿಕ್ಕಪ್ಪ ಕೊಟ್ಟ ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಉಚಿತವಾಗಿ ಸಿಗುವ ಒಂದು ಸಂಗೀತ ತಂತ್ರಾಂಶ. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು. ತಂದೆ ಕೂಲಿ ಕೆಲಸದವರು. ಹಬ್ಬ, ಜಾತ್ರೆ ಬಂದರೆ ತಮಟೆ ಬಾರಿಸುವವರು. ಒಂದು ಸಂಜೆ ನನ್ನ ಮನೆ ಬಾಗಿಲಿಗೆ ಬಂದು, "ಇವ್ನಿಗೆ ಒಸಿ ಬುದ್ಧಿ ಹೇಳಿ ಮೇಷ್ಟ್ರೇ, ಓದೋದ ಬುಟ್ಟು ಅದ್ರ ಮುಂದೇನೇ ಕೂತಿರ್ತಾನೆ" ಎಂದರು. ಹುಡುಗನನ್ನು ಕೇಳಿದರೆ ಅವನದು ಬೇರೆಯೇ ಗೋಳು. ಸ್ವರ ಸರಿಯಾಗಿದೆ, ಲೆಕ್ಕ ಸರಿಯಾಗಿದೆ, ಆದರೂ ಕೋಲಾಟದ ಹುಡುಗಿಯರು ಹೆಜ್ಜೆ ತಪ್ಪುತ್ತಾರೆ. "ಎಲ್ಲಿ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ ಅಂತಾರೆ ಸಾರ್" ಎಂದ. ಕೇಳಿ ನೋಡಿದೆ. ಹಿಟ್ಟಿನ ಗಿರಣಿ ಓಡಿದ ಹಾಗಿತ್ತು.

ಇದರ ಕಾರಣ ತಿಳಿಯಬೇಕಾದರೆ ಮೊದಲು ವಾದ್ಯಗಳ ಕಡೆ ನೋಡೋಣ. ನಮ್ಮೂರುಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನು ನೀವು ನೋಡಿದ್ದೀರಿ. ಅವರು ಕೀಯನ್ನು ಮೆಲ್ಲಗೆ ಒತ್ತಲಿ, ಗುದ್ದಲಿ, ಸದ್ದು ಒಂದೇ. ಜೋರು ಬೇಕೆಂದರೆ ಇನ್ನೊಂದು ಕೈ ತಿದಿಯನ್ನು ಜೋರಾಗಿ ಒತ್ತಬೇಕು. ಪಿಯಾನೊ ಹಾಗಲ್ಲ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ರೂಪಿಸಿದ ಈ ವಾದ್ಯದಲ್ಲಿ ಕೀ ಒತ್ತಿದಾಗ ಒಂದು ಪುಟ್ಟ ಸುತ್ತಿಗೆ ಚಿಮ್ಮಿ ತಂತಿಗೆ ಬಡಿಯುತ್ತದೆ. ತಂತಿ ಮುಟ್ಟುವ ಮೊದಲೇ ಸುತ್ತಿಗೆ ಬೆರಳಿನ ಹಿಡಿತದಿಂದ ಬಿಡಿಸಿಕೊಂಡಿರುತ್ತದೆ, ಕೈಬಿಟ್ಟ ಕಲ್ಲಿನ ಹಾಗೆ. ಆದ್ದರಿಂದ ಸದ್ದನ್ನು ತೀರ್ಮಾನಿಸುವುದು ಆ ಕ್ಷಣದಲ್ಲಿ ಸುತ್ತಿಗೆಗಿರುವ ವೇಗ. ಅಂದ ಹಾಗೆ, ಪಿಯಾನೊ ನಮ್ಮ ಸೀಮೆಗೆ ತೀರಾ ಪರಕೀಯವೇನಲ್ಲ. ಕನ್ನಡಿಗರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ನೆನೆಯುವ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ಅಭ್ಯಾಸ ಮಾಡಿದ್ದವರು. ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರೂ ಅವರೇ.

ಈಗ ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬನ್ನಿ. ಅದರಲ್ಲಿ ತಂತಿಯೂ ಇಲ್ಲ, ಸುತ್ತಿಗೆಯೂ ಇಲ್ಲ. ಹಾಗಾದರೆ ಬೆರಳಿನ ಪೆಟ್ಟು ಅದಕ್ಕೆ ಹೇಗೆ ತಿಳಿಯುತ್ತದೆ? ಉಪಾಯ ಬಹಳ ಸರಳ. ಪ್ರತಿ ಕೀಯ ಕೆಳಗೆ ಎರಡು ಪುಟ್ಟ ಸ್ವಿಚ್ಚುಗಳು. ಕೀ ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ. ಎರಡರ ನಡುವಿನ ಕಾಲವನ್ನು ಯಂತ್ರ ಅಳೆಯುತ್ತದೆ. ಉದಾಹರಣೆಗೆ, ನಡುವಿನ ದಾರಿ 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದನ್ನು ಬೆರಳು 4 ಮಿಲಿಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 1 ಮೀಟರ್. 40 ಮಿಲಿಸೆಕೆಂಡಿನಲ್ಲಿ ದಾಟಿದರೆ ಸೆಕೆಂಡಿಗೆ 10 ಸೆಂಟಿಮೀಟರ್. ದೂರವನ್ನು ಕಾಲದಿಂದ ಭಾಗಿಸಿ ಎಂದು ನಾವು ಬೋರ್ಡಿನ ಮೇಲೆ ಬರೆಸುವ ಸೂತ್ರವೇ ಇದು. ಜವ ಬೇರೆ, ವೇಗ ಬೇರೆ, ವೇಗಕ್ಕೆ ದಿಕ್ಕೂ ಬೇಕು ಎನ್ನುವ ಜಾಣರಿಗೆ ನನ್ನ ಉತ್ತರ: ಕೀಗೆ ಇರುವುದು ಕೆಳಮುಖದ ದಿಕ್ಕೊಂದೇ!

ಈ ವೇಗವನ್ನು ಒಂದು ಯಂತ್ರ ಇನ್ನೊಂದಕ್ಕೆ ಹೇಳಬೇಕಲ್ಲ? ಅದಕ್ಕಾಗಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಮಿಡಿ ಎಂಬ ಸಾಮಾನ್ಯ ಭಾಷೆ ಬಂತು. ಮಿಡಿ ಕಡತದಲ್ಲಿ ಸದ್ದು ಇರುವುದಿಲ್ಲ. ಸಂಗೀತದ ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಡುವ ಸ್ವರಲಿಪಿಯಂತೆ ಬರೀ ಸೂಚನೆಗಳಿರುತ್ತವೆ. ಸ್ವರವೊಂದನ್ನು ಆರಂಭಿಸಲು ಮೂರು ಅಂಕಿ ಸಾಕು. ಮೊದಲನೆಯದು ‘ನುಡಿಸು’ ಎಂಬ ಆಜ್ಞೆ. ಎರಡನೆಯದು ಯಾವ ಸ್ವರ ಎಂಬುದು. ಪಿಯಾನೊದ ನಡುವಿನ ‘ಸಿ’ ಸ್ವರಕ್ಕೆ 60. ಮೂರನೆಯದೇ ವೇಗ, ಇಂಗ್ಲಿಷಿನ ‘ವೆಲಾಸಿಟಿ’. ಅದಕ್ಕೆ ಏಳು ಬಿಟ್‌ಗಳ ಜಾಗ. ಎರಡರ ಏಳನೇ ಘಾತ 128, ಆದ್ದರಿಂದ 0ಯಿಂದ 127ರ ವರೆಗೆ. ಸೊನ್ನೆ ಎಂದರೆ ‘ಸ್ವರ ನಿಲ್ಲಿಸು’ ಎಂದೇ ಅರ್ಥ. ಹಾಗಾಗಿ ನುಡಿಸಲು ಸಿಗುವುದು 1ರಿಂದ 127. ಬೆರಳಿನ ವೇಗ ಅಳೆಯಲಾರದ ಕೀಬೋರ್ಡು ಎಲ್ಲ ಸ್ವರಕ್ಕೂ 64 ಎಂದು ಕಳಿಸಬೇಕೆಂಬುದು ನಿಯಮ. 2020ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ವೇಗಕ್ಕೆ 65,536 ಮೆಟ್ಟಿಲುಗಳಿವೆ. ಆದರೆ ಕಲಿಯುವವರಿಗೆ 127 ಧಾರಾಳ.

ನಮ್ಮ ಹುಡುಗನ ಬಳಿ ಕೀಬೋರ್ಡೇ ಇರಲಿಲ್ಲ. ಮೌಸಿನಿಂದ ಒಂದೊಂದೇ ಸ್ವರವನ್ನು ಚೌಕಳಿಯ ಮೇಲೆ ಕೂರಿಸಿದ್ದ. ಬೆರಳೇ ಇಲ್ಲದ ಮೇಲೆ ವೇಗ ಎಲ್ಲಿಂದ ಬರಬೇಕು? ಇಂಥ ಸಂದರ್ಭದಲ್ಲಿ ತಂತ್ರಾಂಶ ಪ್ರತಿ ಸ್ವರಕ್ಕೂ ತಾನೇ ಒಂದು ಅಂಕಿ ಹಾಕಿಬಿಡುತ್ತದೆ. ಇವನದರಲ್ಲಿ ಅದು 100. ಪರದೆಯ ಕೆಳಭಾಗದಲ್ಲಿ ಸ್ವರಕ್ಕೊಂದರಂತೆ ನಿಂತ ಗೆರೆಗಳು ಇರುತ್ತವೆ; ಗೆರೆಯ ಎತ್ತರವೇ ವೇಗ. ಕೆಲವು ತಂತ್ರಾಂಶಗಳು ಅದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ. ಇವನ ಗೆರೆಗಳೆಲ್ಲ ಬೇಲಿಯ ಗೂಟಗಳ ಹಾಗೆ ಒಂದೇ ಎತ್ತರದಲ್ಲಿ ನಿಂತಿದ್ದವು. ರೋಗ ಸಿಕ್ಕಿತು ಎಂದುಕೊಂಡೆ.

ಆದರೆ ಔಷಧಿಯಲ್ಲಿ ನಾನು ಎಡವಿದೆ. ಅಂಕಿಗಳನ್ನು ಅಡ್ಡಾದಿಡ್ಡಿ ಮಾಡುವ ಸೌಲಭ್ಯವೂ ಅಲ್ಲಿತ್ತು. ಮನುಷ್ಯ ನುಡಿಸಿದರೆ ಎಲ್ಲ ಏಟೂ ಒಂದೇ ಇರುವುದಿಲ್ಲವಲ್ಲ, ಅದನ್ನು ಒತ್ತಪ್ಪ ಎಂದೆ. ಒತ್ತಿದ. ಮೊದಲು ಗಿರಣಿಯ ಹಾಗಿದ್ದದ್ದು ಈಗ ಕುಡಿದವನ ನಡಿಗೆಯಾಯಿತು. ಜೋರಾಗಬೇಕಾದ ಕಡೆ ಮೆತ್ತಗೆ, ಮೆತ್ತಗಿರಬೇಕಾದ ಕಡೆ ದಬ್ ಎಂದು. ಮರುದಿನ ಹುಡುಗಿಯರ ಕೋಲು ಕೋಲಿಗೆ ತಾಗದೆ ಬೆರಳಿಗೆ ತಾಗಿತು. ವಿಜ್ಞಾನದ ಮೇಷ್ಟ್ರು ಎಂದುಕೊಂಡು ಯಾವ ಏಟು ಜೋರಿರಬೇಕು ಎಂದು ಯೋಚಿಸದೆ ಸಲಹೆ ಕೊಟ್ಟದ್ದು ನನ್ನ ತಪ್ಪು.

ಆ ಸಂಜೆ ಮೂವರೂ ಅವರ ಮನೆಯ ಜಗಲಿಯ ಮೇಲೆ ಕುಳಿತೆವು. ತಂದೆ ಹಾಡಿನ ಮೊದಲ ರೂಪವನ್ನು ಎರಡು ಸಲ ಕೇಳಿದರು. "ಎಲ್ಲಾ ಏಟೂ ಒಂದೇ ತೂಕ್ದಲ್ಲಿ ಬೀಳ್ತಾ ಅವಲ್ಲ ಮೇಷ್ಟ್ರೇ, ಕಾಲು ಎಲ್ಲಿ ಊರ್ಬೇಕು?" ಎಂದರು. ಪಕ್ಕದಲ್ಲಿದ್ದ ತಗಡಿನ ಡಬ್ಬದ ಮೇಲೆ ಬೆರಳಿನಿಂದ ಅದೇ ನಡೆ ಬಾರಿಸಿದರು. ನನಗೇ ಕಾಲು ಕುಣಿಯಿತು. ಅವರು ಹೊಸದಾಗಿ ಒಂದೇ ಒಂದು ಏಟನ್ನೂ ಸೇರಿಸಿರಲಿಲ್ಲ. ಕಾಲವನ್ನೂ ಬದಲಿಸಿರಲಿಲ್ಲ. ತೂಕವನ್ನಷ್ಟೇ ಬದಲಿಸಿದ್ದರು.

ಇದನ್ನು ನೀವೂ ಈಗಲೇ ಮಾಡಿ ನೋಡಬಹುದು. ಕಂಪ್ಯೂಟರು ಬೇಡ, ಊಟದ ಮೇಜು ಸಾಕು. ಬೆರಳಿನಿಂದ ಸಮನಾಗಿ ಹನ್ನೆರಡು ಏಟು ಹಾಕಿ. ಈಗ 1, 5, 9ನೇ ಏಟುಗಳನ್ನು ಮಾತ್ರ ಜೋರಾಗಿ ಹಾಕಿ. ‘ತಕಧಿಮಿ ತಕಧಿಮಿ ತಕಧಿಮಿ’ ಎಂದು ನಾಲ್ಕರ ನಡೆ ಕೇಳಿಸುತ್ತದೆ. ಮತ್ತೆ ಅದೇ ಹನ್ನೆರಡು ಏಟು, ಅದೇ ಕಾಲ. ಈ ಸಲ 1, 4, 7, 10 ಜೋರು. ‘ತಕಿಟ ತಕಿಟ ತಕಿಟ ತಕಿಟ’ ಎಂದು ಮೂರರ ನಡೆಯಾಯಿತು. ಚತುರಶ್ರವು ತಿಶ್ರವಾಯಿತು. ಬದಲಾದದ್ದು ವೇಗದ ಅಂಕಿಯೊಂದೇ. ಎಲ್ಲವೂ 100 ಆಗಿದ್ದಾಗ ಆ ಹುಡುಗಿಯರಿಗೆ ಅದು ಮೂರೋ ನಾಲ್ಕೋ ತಿಳಿಯದೆ ಹೋದದ್ದು ಅವರ ತಪ್ಪಲ್ಲ.

ಅಲ್ಲಿಂದ ಕೆಲಸ ಸಲೀಸಾಯಿತು. ತಂದೆ ಡಬ್ಬ ಬಡಿದರು, ಮಗ ಗೆರೆಗಳನ್ನು ಎಳೆದ. ಮೊದಲ ಏಟಿಗೆ 112, ಎರಡನೆಯದಕ್ಕೆ 62, ಮೂರನೆಯದಕ್ಕೆ 78. "ಮೂರ್ನೇದು ಮುಂದಿನ ಏಟ್ಗೆ ಕೈ ಹಿಡ್ಕೊಂಡು ಕರ್ಕೊಂಡೋಗ್ಬೇಕು ಮಗಾ" ಎಂದು ಅವರು ಹೇಳಿದ್ದರಿಂದ ಅದು ಎರಡನೆಯದಕ್ಕಿಂತ ಮೇಲೆ. ಎಲ್ಲ ಮುಗಿದ ಮೇಲೆ ಅಡ್ಡಾದಿಡ್ಡಿ ಮಾಡುವ ಗುಂಡಿಯನ್ನು ಮತ್ತೆ ಒತ್ತಿದೆವು, ಆದರೆ ನಾಲ್ಕೈದು ಅಂಕಿಯ ಹೆಚ್ಚುಕಡಿಮೆಗೆ ಮಾತ್ರ. ಅಡುಗೆಯ ಉಪ್ಪಿನ ಹಾಗೆ ಅದಕ್ಕೆ ಅಷ್ಟೇ ಜಾಗ.

ಹಾಗಾದರೆ ಜೋರು ಬೇಕಾದ ಕಡೆ ಶಬ್ದದ ಗುಂಡಿ ತಿರುಗಿಸಿದರೆ ಸಾಲದೇ ಎಂದು ಕೇಳಬೇಡಿ. ಒಬ್ಬ ಕೂಗಿದ್ದನ್ನು ರೇಡಿಯೊದಲ್ಲಿ ಸದ್ದು ತಗ್ಗಿಸಿ ಕೇಳಿದರೂ ಕೂಗು ಕೂಗೇ, ಪಿಸುಮಾತಾಗುವುದಿಲ್ಲ. ಮೆಲ್ಲಗೆ ಮುಟ್ಟಿದ ಚರ್ಮಕ್ಕೂ ಬಲವಾಗಿ ಹೊಡೆದ ಚರ್ಮಕ್ಕೂ ನಾದವೇ ಬೇರೆ. ಅದಕ್ಕಾಗಿ ಒಳ್ಳೆಯ ತಂತ್ರಾಂಶ ವಾದ್ಯಗಳಲ್ಲಿ ಮೆಲು ಏಟು, ನಡು ಏಟು, ಜೋರು ಏಟುಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಇಟ್ಟಿರುತ್ತಾರೆ. ವೇಗದ ಅಂಕಿ ನೋಡಿ ಯಂತ್ರ ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಎಲ್ಲವನ್ನೂ 127ಕ್ಕೆ ಏರಿಸಿದವನು ವಾದ್ಯದ ಒಂದೇ ಮುಖವನ್ನು ಕೇಳಿಸುತ್ತಾನೆ, ಮೇಲೆ ಹೋಗಲು ಅವನಿಗೆ ಜಾಗವೂ ಉಳಿಯುವುದಿಲ್ಲ.

ಸಮಪೆಟ್ಟು ಯಾವಾಗಲೂ ಕೆಟ್ಟದ್ದೆಂದು ತಿಳಿಯಬೇಡಿ. ತಂಬೂರಿ ಮೀಟುವವರು ಒಂದೇ ಹದದಲ್ಲಿ ಮೀಟಬೇಕು. ಗಾಯಕರು ಕೇಳುವುದು ಆ ನೆಮ್ಮದಿಯನ್ನೇ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ ಅವರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಯ ಸಂಗೀತಾಭ್ಯಾಸಕ್ಕೆ ಒದಗಿಬಂದದ್ದು ಇದರಿಂದಲೇ. ಯಂತ್ರದ ಸಮತೆ ಅಲ್ಲಿ ಗುಣ, ಕೋಲಾಟದಲ್ಲಿ ದೋಷ. ಯಾವುದು ಎಲ್ಲಿ ಎಂದು ಅಂಕಿ ಹೇಳುವುದಿಲ್ಲ, ಕಿವಿ ಹೇಳಬೇಕು. ಆದ್ದರಿಂದ ಗೆರೆ ತಿದ್ದುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಒಂದೇ: ತಿದ್ದಿದ ಮೇಲೆ ಕಣ್ಣು ಮುಚ್ಚಿ ಕೇಳಿ. ಪರದೆ ನೋಡುತ್ತ ಕೇಳಿದರೆ ಕಣ್ಣು ಕಿವಿಗೆ ಸುಳ್ಳು ಹೇಳುತ್ತದೆ.

ವಾರ್ಷಿಕೋತ್ಸವದ ದಿನ ಕೋಲಾಟ ಚೆನ್ನಾಗಿಯೇ ನಡೆಯಿತು. ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ವಿಜ್ಞಾನದಲ್ಲಿ ನಾನು ಎಣಿಸಿದಷ್ಟು ಅಂಕ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಲ್ಯಾಪ್‌ಟಾಪು ಎಂದು ತಂದೆ ಮಗನಿಗೆ ನಾನು ಮಾಡಿಸಿದ ಒಪ್ಪಂದ ಅರ್ಧ ಗಂಟೆಗೆ ನಿಲ್ಲಲಿಲ್ಲವೆಂದು ಕಾಣುತ್ತದೆ. ಆದರೆ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಪ್ಪ ತಮಟೆ ಬಾರಿಸುತ್ತಾರೆಂದು ಆ ಹುಡುಗ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ವೇದಿಕೆಯ ಮೇಲೆ ಹೆಸರು ಓದಲು ಚೀಟಿ ಬರೆದುಕೊಡು ಎಂದಾಗ, ಸಂಗೀತ ಎಂಬುದರ ಮುಂದೆ ತನ್ನ ಹೆಸರು ಬರೆದು, ಅದರ ಮೇಲೆ ಅಪ್ಪನ ಹೆಸರು ಸೇರಿಸಿ ಕೊಟ್ಟ.

ತಂದೆತಾಯಿಗಳೇ, ಮಗ ಕಂಪ್ಯೂಟರಿನ ಮುಂದೆ ಕೂತಿದ್ದಾನೆಂದು ಗದರುವ ಮೊದಲು ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ಒನಕೆಯ ಏಟು, ಲಾಲಿಯ ತಟ್ಟು, ರೊಟ್ಟಿ ಬಡಿಯುವ ಕೈ, ಇವುಗಳ ತೂಕ ಬಲ್ಲವರು ನೀವು. ಅವನ ಪರದೆಯ ಮೇಲಿನ ಗೂಟಗಳಿಗೆ ಬೇಕಾಗಿರುವುದು ಅದೇ ಇರಬಹುದು.