ಒನ್ಸ್ ಮೋರ್ ಅಂದವರು

ಕಳೆದ ಸಂಚಿಕೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಪ್ರೇಕ್ಷಕರು ತಾವು ಕಂಡ ನಾಟಕಗಳ ಬಗ್ಗೆ ಬರೆದ ಪತ್ರಗಳನ್ನು ಅಚ್ಚು ಹಾಕಿದೆವು. ಅದಕ್ಕೆ ಬಂದ ಆಕ್ಷೇಪಣೆಯೆಲ್ಲ ಒಂದೇ ಧಾಟಿಯದು: ಇದು ವಿಮರ್ಶೆಯಲ್ಲ, ಅಭಿಮಾನಿಗಳ ಹರಟೆ; ಗಂಭೀರ ಪತ್ರಿಕೆ ಇದಕ್ಕೆ ಇಷ್ಟು ಪುಟ ಕೊಡಬಾರದಿತ್ತು. ಹೀಗೆಂದವರಲ್ಲಿ ವಿಶ್ವವಿದ್ಯಾಲಯದ ಮೇಷ್ಟರಿದ್ದಾರೆ, ಬೆಂಗಳೂರಿನ ಪತ್ರಿಕಾ ಮಿತ್ರರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಪತ್ರಗಳು ನಮ್ಮ ರಂಗಭೂಮಿಯ ಮೊದಲ ದರ್ಜೆಯ ದಾಖಲೆಗಳು. ಅವನ್ನು ಬಿಟ್ಟು ಬರೆದ ರಂಗ ಇತಿಹಾಸ ಅರ್ಧದ್ದು.

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕ ಪುಸ್ತಕವಾಗಿ ಸಿಗುತ್ತದೆ. ನಟಿ ಸುಭದ್ರಮ್ಮ ಮನ್ಸೂರರ ದ್ರೌಪದಿ ಆ ಪುಸ್ತಕದಲ್ಲಿ ಸಿಗುವುದಿಲ್ಲ. 2020ರ ಜುಲೈಯಲ್ಲಿ ಅವರು ತೀರಿಕೊಂಡಾಗ ಪ್ರಶಸ್ತಿಗಳ ಪಟ್ಟಿ ಎಲ್ಲೆಲ್ಲೂ ಅಚ್ಚಾಯಿತು. ಯಾವ ಮಾತಿಗೆ ದನಿ ಏರಿಸುತ್ತಿದ್ದರು, ಯಾವ ಮಾತನ್ನು ಹಾಡಿಗೆ ದಾಟಿಸುತ್ತಿದ್ದರು, ಪೇಟಿ ಮಾಸ್ತರರು ಎಲ್ಲಿ ಸ್ವರ ಹಿಡಿದು ಅವರಿಗಾಗಿ ಕಾಯುತ್ತಿದ್ದರು ಎಂಬುದು ಆ ಪಟ್ಟಿಗಳಲ್ಲಿ ಬರಲಿಲ್ಲ. ಅದನ್ನು ಬಲ್ಲವರು ಮುಂದಿನ ಸಾಲಿನಲ್ಲಿ ಗೋಣಿತಾಟು ಹಾಸಿಕೊಂಡು ಬೆಳತನಕ ಕೂತವರು. ಅವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಅವರನ್ನು ಕೇಳದೆ ಇನ್ನಾರನ್ನು ಕೇಳುವುದು?

ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗುವುದಿಲ್ಲ ಎಂಬುದು ಮೇಷ್ಟರ ದೊಡ್ಡ ತಕರಾರು. ತಾಳೆ ಯಾಕಾಗಬೇಕು? ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಒಂದು ರಾತ್ರಿ ಇದ್ದ ಹಾಗೆ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಅಂದಿನ ಸುದ್ದಿ, ಅಂದಿನ ಮಂತ್ರಿ, ಆ ಊರಿನ ಅಧಿಕಾರಿ ಅಂದಿನ ಮಾತಿಗೆ ಬಂದುಬಿಡುತ್ತಿದ್ದರು. ಅದಕ್ಕೇ ನೋಡಿದವರೇ ಮತ್ತೆ ಟಿಕೆಟ್ ತೆಗೆಸಿದರು. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಎಂಬ ಕೂಗು ಬಿದ್ದರೆ ಸತ್ತು ಮಲಗಿದ ಪಾತ್ರವೂ ಎದ್ದು ಮತ್ತೆ ಹಾಡಬೇಕಾಗುತ್ತಿತ್ತು. ಆಟದ ಉದ್ದ, ಲಯ, ಕೆಲವು ಸಲ ಕೊನೆಯನ್ನೂ ತೀರ್ಮಾನಿಸಿದವರು ಎದುರಿಗೆ ಕೂತವರೇ. ಎರಡು ರಾತ್ರಿ ಎರಡು ನಾಟಕವಾದಾಗ ಇಬ್ಬರು ನೋಡುಗರು ಎರಡು ಬಗೆ ಹೇಳಿದರೆ ಇಬ್ಬರೂ ಸತ್ಯವನ್ನೇ ಹೇಳಿದ್ದಾರೆ.

ಅಭಿಮಾನಿಗಳ ಮಾತು ದಾಖಲೆಯಾಗದು ಎನ್ನುವವರು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕಥೆ ಕೇಳಬೇಕು. 1965ರಿಂದ 1995ರವರೆಗೆ ಆ ತಂಡ ಸುಮಾರು 2300 ಕಛೇರಿ ಕೊಟ್ಟಿತು. ಯಾವ ರಾತ್ರಿ ಯಾವ ಹಾಡು, ಯಾವ ಹಾಡು ಯಾವುದರೊಳಗೆ ಹೊರಳಿತು ಎಂಬುದನ್ನು ಅಭಿಮಾನಿಗಳು ಬರೆದಿಟ್ಟರು, ಟೇಪು ಮಾಡಿದರು, ಕೈಯಿಂದ ಕೈಗೆ ಹಂಚಿಕೊಂಡು ಚರ್ಚಿಸಿದರು. ತಂಡ ಅವರನ್ನು ಓಡಿಸಲಿಲ್ಲ. 1984ರಲ್ಲಿ ಟೇಪು ಮಾಡುವವರಿಗೆಂದೇ ಜಾಗ ಮೀಸಲಿಟ್ಟಿತು. ಡಿಕ್ ಲಾಟ್ವಾಲಾ ಎಂಬ ಅಭಿಮಾನಿಯೇ ಮುಂದೆ ತಂಡದ ದಾಖಲೆಪಾಲಕರಾದರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯನ್ನು ಧ್ವನಿಮುದ್ರಿಸಿಕೊಂಡವರು ತಂಡದ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್. ಅದು ಶ್ರೇಷ್ಠವೆಂದು ಹೇಳಿ ಹೇಳಿ ಹೆಸರು ತಂದವರು ಅಭಿಮಾನಿಗಳು. ಅದು ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ. ಅದಕ್ಕೂ ಮೊದಲೇ ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿ ದಾಖಲೆಗಳ ಪಟ್ಟಿಗೆ ಸೇರಿಸಿತ್ತು.

ನಮ್ಮಲ್ಲೂ ನೋಡಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಅಲ್ಲಿದ್ದವರ ನೆನಪುಗಳನ್ನು ನಗರದ ಸಾಂಸ್ಕೃತಿಕ ಚರಿತ್ರೆ ಎಂದು ಗೌರವದಿಂದ ಓದುತ್ತಾರೆ. ಸರಿಯಾದದ್ದೇ. ಅದೇ ಗೌರವ ಕೊಟ್ಟೂರೇಶ್ವರನ ಜಾತ್ರೆಯಲ್ಲಿ ತಗಡಿನ ಥೇಟರಿನೊಳಗೆ ಕೂತು ನಾಟಕ ನೋಡಿದ ರೈತನ ನೆನಪಿಗೆ ಯಾಕಿಲ್ಲ? ಅವನದು ಮಾತ್ರ ಹಳಹಳಿಕೆ ಹೇಗಾಯಿತು?

ನಮ್ಮ ಸೀಮೆಯನ್ನು ರಂಗ ಇತಿಹಾಸಕಾರರು ಕಲೆಕ್ಷನ್ ಆಗುವ ಊರುಗಳೆಂದಷ್ಟೇ ಕಂಡರು. ಕಂಪನಿಗಳು ಇಲ್ಲಿ ದುಡಿದುಕೊಂಡವು, ಇತಿಹಾಸ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಬರೆಯಲ್ಪಟ್ಟಿತು. ಜಿಲ್ಲಾವಾರು ಬರೆಯುವವರ ಕೈಗೆ ಹರಪನಹಳ್ಳಿ ಸಿಗುವುದಾದರೂ ಎಲ್ಲಿ? 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶರ ಬಗ್ಗೆ ಬರೆಯುವಾಗಲೂ ಉಪಮುಖ್ಯಮಂತ್ರಿ ಪ್ರಕಾಶರೇ ಮುಂದೆ ನಿಲ್ಲುತ್ತಾರೆ. ಆ ತಂಡದ ಆಟ ನೋಡಿ ಬದಲಾದ ಹಡಗಲಿಯ ಹುಡುಗರನ್ನು ಯಾರೂ ಮಾತಾಡಿಸಲಿಲ್ಲ.

ಕೇಳಿದವರ ಮಾತನ್ನು ನಂಬುವುದು ಈ ನೆಲಕ್ಕೆ ಹೊಸದಲ್ಲ. ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲನ್ನೇರಿ ಸದ್ದಲೇ ಎಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನಾಡುವುದು ಒಂದೇ ಮಾತು, ಒಂದೇ ಸಲ. ಕಿವಿಗೊಟ್ಟವರು ಅದನ್ನು ಊರಿಗೆ ಒಯ್ದು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹಚ್ಚಿ ವರ್ಷವಿಡೀ ವಾದಿಸುತ್ತಾರೆ. ಅವರ ಓದೆಷ್ಟು ಎಂದು ಯಾರೂ ಕೇಳುವುದಿಲ್ಲ.

ಅಭಿಮಾನದಲ್ಲಿ ಉತ್ಪ್ರೇಕ್ಷೆ ಇರುತ್ತದೆ, ನಿಜ. ಅದಕ್ಕಾಗಿಯೇ ಒಂದೇ ನಾಟಕದ ಬಗ್ಗೆ ಬಂದ ಹಲವು ಪತ್ರಗಳನ್ನು ಅಕ್ಕಪಕ್ಕ ಹಾಕಿದೆವು, ಯಾವುದನ್ನೂ ತಿದ್ದಲಿಲ್ಲ. ಇನ್ನು ಮುಂದೆಯೂ ತಿದ್ದುವುದಿಲ್ಲ. ಪುಟ ಕಡಿಮೆ ಮಾಡಿ ಎಂದವರಿಗೆ ನಮ್ಮ ಉತ್ತರ, ಈ ಸಂಚಿಕೆಯಿಂದ ಪುಟ ಹೆಚ್ಚಿಸಿದ್ದೇವೆ.

ಮುಂದಿನ ಸಂಚಿಕೆಯ ವಿಷಯ ದೊಡ್ಡಾಟದ ಹಿಮ್ಮೇಳ. ಯಾವ ಊರು, ಯಾವ ಪ್ರಸಂಗ, ಮದ್ದಲೆಗೆ ಯಾರು ಕೂತಿದ್ದರು ಎಂಬುದನ್ನು ಬರೆಯಿರಿ. ಬರೆಯಲು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ.